ಪ್ರೋಟಾನ್‌ನ ಅರ್ಧ ಸ್ಪಿನ್ ಎಲ್ಲಿಂದ ಬರುತ್ತದೆ?

ಪ್ರೋಟಾನ್‌ನ ಸ್ಪಿನ್ ಅರ್ಧ ಎಂಬುದು ಭೌತವಿಜ್ಞಾನದಲ್ಲಿ ಎಳ್ಳಷ್ಟೂ ಅನುಮಾನವಿಲ್ಲದ ಸಂಗತಿಗಳಲ್ಲಿ ಒಂದು. ಪ್ಲಾಂಕ್ ಸ್ಥಿರಾಂಕವನ್ನು ಎರಡು ಪೈನಿಂದ ಭಾಗಿಸಿದಾಗ ಬರುವ ಬೆಲೆಯನ್ನು ಮಾನವಾಗಿ ಇಟ್ಟುಕೊಂಡರೆ, ಯಾವ ಪ್ರೋಟಾನನ್ನು ಯಾವ ದಿಕ್ಕಿನಲ್ಲಿ ಅಳೆದರೂ ಅದರ ಸ್ವಂತ ಕೋನೀಯ ಸಂವೇಗ ಆ ದಿಕ್ಕಿನಲ್ಲಿ ಧನ ಅರ್ಧ ಇಲ್ಲವೇ ಋಣ ಅರ್ಧ. ನಡುವೆ ಬೇರೆ ಬೆಲೆಯೇ ಇಲ್ಲ. 1927ರಲ್ಲಿ ಡೇವಿಡ್ ಡೆನಿಸನ್ ಅವರು ಹೈಡ್ರೋಜನ್ ಅನಿಲದ ವಿಶಿಷ್ಟೋಷ್ಣವು ಕಡಿಮೆ ತಾಪದಲ್ಲಿ ಬದಲಾಗುವ ರೀತಿಯನ್ನು ವಿವರಿಸುತ್ತ ಈ ಬೆಲೆಯನ್ನು ಗೊತ್ತುಮಾಡಿದರು. ಇಂದು ಆಸ್ಪತ್ರೆಗಳಲ್ಲಿರುವ ಎಂ.ಆರ್.ಐ. ಯಂತ್ರಗಳು ನಮ್ಮ ದೇಹದ ನೀರಿನಲ್ಲೂ ಕೊಬ್ಬಿನಲ್ಲೂ ಇರುವ ಪ್ರೋಟಾನ್‌ಗಳ ಇದೇ ಸ್ಪಿನ್ನನ್ನು ನೆಚ್ಚಿಕೊಂಡು ಚಿತ್ರ ತೆಗೆಯುತ್ತವೆ. ಆದರೆ ಪ್ರೋಟಾನ್ ಒಂದು ಮೂಲಕಣವಲ್ಲ. ಅದರೊಳಗೆ ಕ್ವಾರ್ಕ್‌ಗಳಿವೆ, ಅವನ್ನು ಬಂಧಿಸಿಡುವ ಗ್ಲುವಾನ್‌ಗಳಿವೆ, ಹುಟ್ಟುತ್ತಲೇ ಅಳಿಯುವ ಕ್ವಾರ್ಕ್–ಪ್ರತಿಕ್ವಾರ್ಕ್ ಜೋಡಿಗಳಿವೆ. ಇಷ್ಟೆಲ್ಲ ಸಂದಣಿಯ ಒಳಗಿನಿಂದ ಪ್ರತಿ ಬಾರಿಯೂ ಕರಾರುವಾಕ್ಕಾಗಿ ಅರ್ಧವೇ ಹೊರಬರುವುದು ಹೇಗೆ, ಆ ಅರ್ಧದಲ್ಲಿ ಯಾರ ಪಾಲು ಎಷ್ಟು ಎಂಬ ಪ್ರಶ್ನೆಗೆ ಪೂರ್ಣ ಉತ್ತರ ಇನ್ನೂ ಸಿಕ್ಕಿಲ್ಲ.

ಪದವಿ ತರಗತಿಯಲ್ಲಿ ಕ್ವಾಂಟಂ ಬಲವಿಜ್ಞಾನ ಕಲಿಸುವಾಗ ಈ ವಿಷಯಕ್ಕೆ ಬಂದರೆ ಚುರುಕಾದ ವಿದ್ಯಾರ್ಥಿಯೊಬ್ಬ ಕೇಳಿಯೇ ಕೇಳುತ್ತಾನೆ: “ಸರ್, ಒಂದೊಂದು ಕ್ವಾರ್ಕ್‌ನ ಸ್ಪಿನ್ನೂ ಅರ್ಧ. ಎರಡು ಒಂದು ಕಡೆಗೆ, ಒಂದು ಇನ್ನೊಂದು ಕಡೆಗೆ ಇದ್ದರೆ ಮೊತ್ತ ಅರ್ಧವೇ ಬರುತ್ತದಲ್ಲ, ಇದರಲ್ಲಿ ಒಗಟು ಏನಿದೆ?” ಪ್ರಶ್ನೆ ನ್ಯಾಯವಾದದ್ದು. 1964ರಲ್ಲಿ ಮರ್ರಿ ಗೆಲ್‌ಮನ್ ಮತ್ತು ಜಾರ್ಜ್ ಜ್ವೈಗ್ ಅವರು ಬೇರೆ ಬೇರೆಯಾಗಿ ಕ್ವಾರ್ಕ್‌ಗಳನ್ನು ಮುಂದಿಟ್ಟ ಮೇಲೆ ಭೌತವಿಜ್ಞಾನಿಗಳೂ ಹೀಗೆಯೇ ಲೆಕ್ಕ ಹಾಕಿದ್ದರು, ಮತ್ತು ಆ ಲೆಕ್ಕ ಬಹಳ ಚೆನ್ನಾಗಿ ಕೂಡಿಬಂದಿತ್ತು. ಎರಡು ಅಪ್ ಕ್ವಾರ್ಕ್, ಒಂದು ಡೌನ್ ಕ್ವಾರ್ಕ್ ಎಂಬ ಸರಳ ಚಿತ್ರದಿಂದ ನ್ಯೂಟ್ರಾನ್ ಮತ್ತು ಪ್ರೋಟಾನ್‌ಗಳ ಕಾಂತೀಯ ಮೊಮೆಂಟ್‌ಗಳ (ಕಣವು ಎಷ್ಟು ಪ್ರಬಲವಾದ ಪುಟ್ಟ ಅಯಸ್ಕಾಂತ ಎಂಬುದರ ಅಳತೆ) ಅನುಪಾತ ಋಣ ಮೂರರಲ್ಲಿ ಎರಡು ಎಂದು ಬರುತ್ತದೆ. ಅಳತೆಯಲ್ಲಿ ಸಿಕ್ಕಿರುವುದು ಋಣ 0.685. ಅಷ್ಟು ಹತ್ತಿರದ ಉತ್ತರ ಕೊಟ್ಟ ಚಿತ್ರವನ್ನು ಯಾರಾದರೂ ನಂಬುತ್ತಾರೆ. 1933ರಲ್ಲಿಯೇ ಹ್ಯಾಂಬರ್ಗ್‌ನಲ್ಲಿ ಆಟೊ ಸ್ಟರ್ನ್ ಮತ್ತು ಅವರ ಸಹೋದ್ಯೋಗಿಗಳು ಪ್ರೋಟಾನ್‌ನ ಕಾಂತೀಯ ಮೊಮೆಂಟ್ ಒಳರಚನೆಯಿಲ್ಲದ ಕಣಕ್ಕೆ ಡಿರಾಕ್ ಸಿದ್ಧಾಂತದಿಂದ ಬರಬೇಕಾದದ್ದಕ್ಕಿಂತ ಎರಡೂವರೆ ಪಟ್ಟಿನಷ್ಟಿದೆ ಎಂದು ಕಂಡಿದ್ದರು. ನಿಖರ ಬೆಲೆ 2.79. ಪ್ರೋಟಾನ್‌ನ ಒಳಗೆ ಏನೋ ರಚನೆ ಇದೆ ಎನ್ನುವ ಮೊದಲ ಸುಳಿವು ಅದು. ಕ್ವಾರ್ಕ್ ಚಿತ್ರ ಆ ಸುಳಿವಿಗೂ ಅರ್ಥ ಕೊಟ್ಟಿತು.

ಈ ನಂಬಿಕೆಯನ್ನು ಅಲುಗಾಡಿಸಿದ್ದು ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಯುರೋಪಿಯನ್ ಮ್ಯೂವಾನ್ ಕೊಲಾಬರೇಷನ್ ಎಂಬ ತಂಡ ಮಾಡಿದ ಅಳತೆ. ಅವರು ಹೆಪ್ಪುಗಟ್ಟಿಸಿದ ಅಮೋನಿಯಾದಲ್ಲಿರುವ ಪ್ರೋಟಾನ್‌ಗಳ ಸ್ಪಿನ್ನನ್ನು ಒಂದೇ ದಿಕ್ಕಿಗೆ ವಾಲುವಂತೆ ಮಾಡಿ, ಅದರ ಮೇಲೆ 100ರಿಂದ 200 ಜಿಇವಿ (ಒಂದು ಜಿಇವಿ ಎಂದರೆ ನೂರು ಕೋಟಿ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ, ಎಲೆಕ್ಟ್ರಾನ್‌ನ ಭಾರವಾದ ಬಂಧುಗಳಾದ ಮ್ಯೂವಾನ್‌ಗಳನ್ನು ಹಾಯಿಸಿದರು. ಪಯಾನ್ ಎಂಬ ಅಲ್ಪಾಯು ಕಣಗಳ ವಿಘಟನೆಯಿಂದ ಹುಟ್ಟುವ ಮ್ಯೂವಾನ್‌ಗಳು ಹುಟ್ಟುವಾಗಲೇ ಧ್ರುವೀಕರಣಗೊಂಡಿರುತ್ತವೆ, ಎಂದರೆ ಅವುಗಳ ಸ್ಪಿನ್ ಒಂದೇ ಕಡೆಗೆ ವಾಲಿರುತ್ತದೆ. ಮ್ಯೂವಾನ್ ಮತ್ತು ಪ್ರೋಟಾನ್‌ಗಳ ಸ್ಪಿನ್ ಒಂದೇ ಕಡೆಗಿದ್ದಾಗ ಎಷ್ಟು ಮ್ಯೂವಾನ್ ಚದುರುತ್ತವೆ, ವಿರುದ್ಧವಾಗಿದ್ದಾಗ ಎಷ್ಟು ಚದುರುತ್ತವೆ ಎಂದು ಎಣಿಸಿದರೆ, ಒಳಗಿನ ಕ್ವಾರ್ಕ್‌ಗಳ ಸ್ಪಿನ್ ಪ್ರೋಟಾನ್‌ನ ಸ್ಪಿನ್ನಿಗೆ ಎಷ್ಟು ಅಂಟಿಕೊಂಡಿದೆ ಎಂಬುದು ತಿಳಿಯುತ್ತದೆ. ಕ್ವಾರ್ಕ್‌ಗಳು ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ಚಲಿಸುವುದನ್ನು ಗಣನೆಗೆ ತೆಗೆದುಕೊಂಡವರು ಆ ಪಾಲು ಸುಮಾರು ಶೇಕಡ 60 ಇರಬಹುದೆಂದು ಎಣಿಸಿದ್ದರು. 1988ರಲ್ಲಿ ಪ್ರಕಟವಾದ ಫಲಿತಾಂಶ ಶೇಕಡ 12 ಎಂದಿತು. ಆ ಅಳತೆಯ ಅನಿಶ್ಚಿತತೆಯೂ ದೊಡ್ಡದಾಗಿದ್ದರಿಂದ ಕ್ವಾರ್ಕ್‌ಗಳ ಪಾಲು ಸೊನ್ನೆಯೇ ಇದ್ದರೂ ಇರಬಹುದು ಎಂಬಂತಾಯಿತು. ಈ ಪ್ರಸಂಗಕ್ಕೆ ಸ್ಪಿನ್ ಬಿಕ್ಕಟ್ಟು ಎಂಬ ಹೆಸರು ಬಂದದ್ದು ಆಗ. ಮುಂದೆ ಸರ್ನ್‌ನಲ್ಲಿ ಎಸ್‌ಎಂಸಿ ಮತ್ತು ಕಂಪಾಸ್, ಅಮೆರಿಕದ ಸ್ಲಾಕ್‌ನಲ್ಲಿ ಸಾಲು ಸಾಲು ಪ್ರಯೋಗಗಳು, ಹ್ಯಾಂಬರ್ಗ್‌ನ ಡೇಸಿಯಲ್ಲಿ ಹರ್ಮೀಸ್, ವರ್ಜೀನಿಯಾದ ಜೆಫರ್ಸನ್ ಪ್ರಯೋಗಾಲಯ ಇವೆಲ್ಲ ಸೇರಿ ಅಂಕಿಯನ್ನು ತಿದ್ದಿ ಗಟ್ಟಿಗೊಳಿಸಿದವು. ಈಗ ಒಪ್ಪಿತವಾಗಿರುವ ಪಾಲು ಸುಮಾರು ಶೇಕಡ 30. ಬಿಕ್ಕಟ್ಟಿನ ಉಗ್ರತೆ ಇಳಿದಿದೆ, ಒಗಟು ಹಾಗೆಯೇ ಉಳಿದಿದೆ.

ಉಳಿದ ಪಾಲಿಗೆ ಹಕ್ಕುದಾರರು ಯಾರು? 1990ರಲ್ಲಿ ರಾಬರ್ಟ್ ಜಾಫೆ ಮತ್ತು ಅನೀಶ್ ಮನೋಹರ್ ಅವರು ಬರೆದ ಸಮೀಕರಣ ಈ ಲೆಕ್ಕವನ್ನು ನಾಲ್ಕು ಬಾಬ್ತುಗಳಾಗಿ ವಿಂಗಡಿಸುತ್ತದೆ: ಕ್ವಾರ್ಕ್ ಮತ್ತು ಪ್ರತಿಕ್ವಾರ್ಕ್‌ಗಳ ಸ್ಪಿನ್, ಗ್ಲುವಾನ್‌ಗಳ ಸ್ಪಿನ್, ಕ್ವಾರ್ಕ್‌ಗಳ ಕಕ್ಷಾ ಚಲನೆ, ಗ್ಲುವಾನ್‌ಗಳ ಕಕ್ಷಾ ಚಲನೆ. ನಾಲ್ಕೂ ಕೂಡಿದರೆ ಅರ್ಧಕ್ಕೆ ತಾಳೆಯಾಗಬೇಕು. ಇವುಗಳಲ್ಲಿ ಎಲ್ಲರ ಕಣ್ಣು ಮೊದಲು ಹೋದದ್ದು ಗ್ಲುವಾನ್‌ಗಳ ಕಡೆಗೆ. ಗ್ಲುವಾನ್ ಫೋಟಾನ್‌ನಂತೆ ದ್ರವ್ಯರಾಶಿಯಿಲ್ಲದ, ಸ್ಪಿನ್ ಒಂದು ಇರುವ ಕಣ. (ಫೋಟಾನ್‌ಗೆ ಸ್ಪಿನ್ ಇದೆ ಎಂಬುದಕ್ಕೆ 1931ರಲ್ಲಿ ಪ್ರಾಯೋಗಿಕ ಪುರಾವೆ ಮುಂದಿಟ್ಟವರು ಸಿ.ವಿ. ರಾಮನ್ ಮತ್ತು ಎಸ್. ಭಗವಂತಂ. ಇಬ್ಬರೂ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ರಾಮನ್ ಪರಿಣಾಮದ ಪ್ರಭೆಯಲ್ಲಿ ಆ ಕೆಲಸ ನಮ್ಮಲ್ಲಿ ಮರೆತೇ ಹೋದಂತಾಗಿದೆ ಎಂಬ ಬೇಸರ ನನಗಿದೆ.) ಗ್ಲುವಾನ್‌ಗಳ ಸ್ಪಿನ್ ಬಹಳ ದೊಡ್ಡದಾಗಿದ್ದು, ಕ್ವಾರ್ಕ್‌ಗಳ ನಿಜವಾದ ಪಾಲನ್ನು ಮರೆಮಾಡುತ್ತಿರಬಹುದು ಎಂಬ ವಾದವೂ 1988ರಲ್ಲಿಯೇ ಹುಟ್ಟಿತು. ಹಾಗಾಗಬೇಕಾದರೆ ಗ್ಲುವಾನ್‌ಗಳ ಪಾಲೊಂದೇ ಪ್ರೋಟಾನ್‌ನ ಒಟ್ಟು ಸ್ಪಿನ್ನಿನ ಹಲವು ಪಟ್ಟು ಇರಬೇಕಿತ್ತು.

ಇದನ್ನು ಪರೀಕ್ಷಿಸಲು ಮ್ಯೂವಾನ್ ಅಥವಾ ಎಲೆಕ್ಟ್ರಾನ್‌ಗಳು ಅಷ್ಟಾಗಿ ಒದಗುವುದಿಲ್ಲ. ಅವು ವಿದ್ಯುದಾವೇಶದ ಮೂಲಕ ಪ್ರೋಟಾನ್‌ನ ಒಳಗನ್ನು ತಡಕುತ್ತವೆ, ಗ್ಲುವಾನ್‌ಗೆ ವಿದ್ಯುದಾವೇಶ ಇಲ್ಲವೇ ಇಲ್ಲ. ಗ್ಲುವಾನನ್ನು ನೇರವಾಗಿ ಮುಟ್ಟಬಲ್ಲದ್ದು ಕ್ವಾರ್ಕ್‌ಗಳನ್ನು ಬಂಧಿಸಿಡುವ ಪ್ರಬಲ ಬಲ. ಆ ಬಲದ ಮೂಲಕ ಪ್ರೋಟಾನ್‌ನ ಗ್ಲುವಾನನ್ನು ತಾಗಬೇಕಾದರೆ ಇನ್ನೊಂದು ಪ್ರೋಟಾನನ್ನೇ ತಂದು ಗುದ್ದಿಸಬೇಕು, ಮತ್ತು ಎರಡು ಕಡೆಯ ಪ್ರೋಟಾನ್‌ಗಳ ಸ್ಪಿನ್ ದಿಕ್ಕೂ ನಮ್ಮ ಹತೋಟಿಯಲ್ಲಿರಬೇಕು. ಇಂಥದ್ದೊಂದು ಯಂತ್ರ ಜಗತ್ತಿನಲ್ಲಿ ಕಟ್ಟಲ್ಪಟ್ಟದ್ದು ಒಂದೇ ಕಡೆ: ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡ್‌ನಲ್ಲಿ, ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ. 3.8 ಕಿಲೋಮೀಟರ್ ಸುತ್ತಳತೆಯ ರಿಕ್ ಎಂಬ ಆ ಕಣಘರ್ಷಕ 2000ದಲ್ಲಿ ಚಿನ್ನದ ನ್ಯೂಕ್ಲಿಯಸ್‌ಗಳನ್ನು ಢಿಕ್ಕಿ ಹೊಡೆಸುವುದರೊಂದಿಗೆ ಕೆಲಸ ಆರಂಭಿಸಿತು. ಜಪಾನಿನ ರಿಕೆನ್ ಸಂಸ್ಥೆಯ ಹಣ ಮತ್ತು ಪರಿಶ್ರಮದ ನೆರವಿನಿಂದ 2001ರ ಕೊನೆಯಲ್ಲಿ ಅದರಲ್ಲಿ ಧ್ರುವೀಕರಿಸಿದ ಪ್ರೋಟಾನ್‌ಗಳ ಢಿಕ್ಕಿಗಳೂ ಶುರುವಾದವು.

ಸ್ಪಿನ್ ಒಗಟಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಂದ ನೇರವಾಗಿ ಫಲಿತಾಂಶಕ್ಕೆ ಹಾರುತ್ತಾರೆ. ನನಗೆ ಮಾತ್ರ ಈ ಕಥೆಯ ಜೀವಾಳ ಇರುವುದು ನಡುವಿನ ಕೆಲಸದಲ್ಲಿ, ಅಂದರೆ ಪ್ರೋಟಾನ್‌ಗಳ ಸ್ಪಿನ್ ದಿಕ್ಕನ್ನು ಗಂಟೆಗಟ್ಟಲೆ ಕಾಪಾಡಿಕೊಳ್ಳುವುದರಲ್ಲಿ ಮತ್ತು ಕಾಪಾಡಿಕೊಂಡಿದ್ದೇವೆ ಎಂಬುದನ್ನು ಖಚಿತಪಡಿಸಿಕೊಳ್ಳುವುದರಲ್ಲಿ ಅನ್ನಿಸುತ್ತದೆ. ಸಿದ್ಧಾಂತದವರು ಸಮೀಕರಣ ಬರೆದು ದಶಕಗಳಾದರೂ ಅದರ ಒಂದು ಪದಕ್ಕೆ ಅಂಕಿ ತುಂಬಲು ಸಾಧ್ಯವಾದದ್ದು ಈ ಕುಶಲಕರ್ಮದಿಂದ.

ಕಾಂತಕ್ಷೇತ್ರದೊಳಗೆ ಹೊಕ್ಕ ಪ್ರೋಟಾನ್‌ನ ಸ್ಪಿನ್ ಅಕ್ಷವು ಓಲಾಡುವ ಬುಗುರಿಯಂತೆ ಕ್ಷೇತ್ರದ ದಿಕ್ಕಿನ ಸುತ್ತ ತಿರುಗತೊಡಗುತ್ತದೆ. ವೇಗವರ್ಧಕದಲ್ಲಿ ಪ್ರೋಟಾನನ್ನು ವೃತ್ತಾಕಾರದಲ್ಲಿ ಬಾಗಿಸುವುದು ಲಂಬ ದಿಕ್ಕಿನ ಕಾಂತಕ್ಷೇತ್ರವಾದ್ದರಿಂದ, ಸ್ಪಿನ್ ಸರಿಯಾಗಿ ಮೇಲಕ್ಕೋ ಕೆಳಕ್ಕೋ ಇದ್ದರೆ ಅದು ಹಾಗೆಯೇ ಉಳಿಯುತ್ತದೆ. ಕಷ್ಟವೆಂದರೆ ಕಾಂತಗಳು ಎಷ್ಟೇ ನಾಜೂಕಾಗಿ ಜೋಡಿಸಿದರೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ, ಕಣಗಳನ್ನು ಒಟ್ಟುಗೂಡಿಸುವ ಕಾಂತಗಳಲ್ಲಿ ಅಡ್ಡ ದಿಕ್ಕಿನ ಕ್ಷೇತ್ರವೂ ಇರುತ್ತದೆ. 100 ಜಿಇವಿ ಶಕ್ತಿಯಲ್ಲಿ ಪ್ರೋಟಾನ್ ಉಂಗುರದ ಒಂದು ಸುತ್ತು ಮುಗಿಸುವಷ್ಟರಲ್ಲಿ ಅದರ ಸ್ಪಿನ್ ಲಂಬ ಅಕ್ಷದ ಸುತ್ತ ಸುಮಾರು 191 ಬಾರಿ ತಿರುಗಿರುತ್ತದೆ. ಶಕ್ತಿ ಏರುತ್ತ ಹೋದಂತೆ ಈ ಸಂಖ್ಯೆಯೂ ಏರುತ್ತದೆ. ಏರುವ ದಾರಿಯಲ್ಲಿ ಅದು ಪೂರ್ಣಾಂಕಕ್ಕೋ ಕಣಗಳ ಸಹಜ ತೊನೆದಾಟದ ಲಯಕ್ಕೋ ಹೊಂದಿಕೊಂಡ ಕೂಡಲೇ ಅನುರಣನ ಉಂಟಾಗಿ, ಪ್ರತಿ ಸುತ್ತಿನಲ್ಲೂ ಸಿಗುವ ಸಣ್ಣ ಅಡ್ಡ ತಳ್ಳುಗಳು ಒಂದರ ಮೇಲೊಂದು ಕೂಡಿ, ಸ್ಪಿನ್ನಿನ ಲಂಬ ನಿಲುವನ್ನು ಕೆಡಿಸಿಬಿಡುತ್ತವೆ. 1970ರ ದಶಕದಲ್ಲಿ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿದ್ದ ಜೀರೋ ಗ್ರೇಡಿಯಂಟ್ ಸಿಂಕ್ರೊಟ್ರಾನ್‌ನಲ್ಲಿ ಇಂಥ ಅನುರಣನಗಳನ್ನು ಒಂದೊಂದಾಗಿ ದಾಟಿಸುತ್ತಿದ್ದರು. ರಿಕ್‌ನ ಶಕ್ತಿಗೆ ಹೋಗಬೇಕಾದರೆ ದಾಟಬೇಕಾದ ಅನುರಣನಗಳು ನೂರಾರು.

ಇದಕ್ಕೆ ಪರಿಹಾರ ಸೂಚಿಸಿದವರು ಸೈಬೀರಿಯಾದ ನೊವೊಸಿಬಿರ್‌ಸ್ಕ್‌ನಲ್ಲಿದ್ದ ಯಾರೊಸ್ಲಾವ್ ಡೆರ್ಬೆನೆವ್ ಮತ್ತು ಅನಾತೊಲಿ ಕೊಂದ್ರಾತೆಂಕೊ. 1970ರ ದಶಕದಲ್ಲಿ ಅವರು ಕಲ್ಪಿಸಿಕೊಂಡ ಸಾಧನ ಸೈಬೀರಿಯನ್ ಸ್ನೇಕ್ ಎಂದೇ ಹೆಸರಾಯಿತು. ಪ್ರೋಟಾನ್‌ಗಳ ದಾರಿಯಲ್ಲಿ ಒಂದು ಕಾಂತವ್ಯೂಹವನ್ನಿಟ್ಟು, ಅದನ್ನು ಹಾಯುವ ಪ್ರತಿ ಪ್ರೋಟಾನ್‌ನ ಸ್ಪಿನ್ನನ್ನು ಸಮತಲದಲ್ಲಿರುವ ಒಂದು ಅಕ್ಷದ ಸುತ್ತ 180 ಡಿಗ್ರಿ ತಿರುಗಿಸುವುದು ಅದರ ಕೆಲಸ. ಮೇಲಕ್ಕಿದ್ದದ್ದು ಕೆಳಕ್ಕಾಗುತ್ತದೆ. ಹಾಗಾಗಿ ಒಂದು ಭಾಗದಲ್ಲಿ ಕೂಡಿಕೊಂಡ ದೋಷ ಮುಂದಿನ ಭಾಗದಲ್ಲಿ ಕಳೆದುಹೋಗುತ್ತದೆ. ಶಕ್ತಿ ಎಷ್ಟೇ ಇರಲಿ, ಸ್ಪಿನ್ನಿನ ಲಯ ಒಂದು ಸುತ್ತಿಗೆ ಅರ್ಧದಲ್ಲಿಯೇ ನಿಂತುಬಿಡುವುದರಿಂದ ಅದು ಅನುರಣನಕ್ಕೆ ಸಿಕ್ಕಿಬೀಳುವ ಸಂದರ್ಭ ಬಹುಮಟ್ಟಿಗೆ ಒದಗುವುದಿಲ್ಲ. 1989ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಸೈಕ್ಲೊಟ್ರಾನ್ ಕೇಂದ್ರದಲ್ಲಿ ಈ ಕಲ್ಪನೆ ಕೆಲಸ ಮಾಡುತ್ತದೆ ಎಂದು ತೋರಿಸಲಾಯಿತು. ರಿಕ್‌ನ ಎರಡು ಉಂಗುರಗಳಲ್ಲಿ ತಲಾ ಎರಡರಂತೆ ಇಂಥ ವ್ಯೂಹಗಳನ್ನು ಕೂರಿಸಿದ್ದರು. ಒಂದೊಂದರಲ್ಲೂ ನಾಲ್ಕು ಅತಿವಾಹಕ ಕಾಂತಗಳು. ಪ್ರತಿ ಕಾಂತದ ಉದ್ದ 2.4 ಮೀಟರ್, ಕ್ಷೇತ್ರ 4 ಟೆಸ್ಲಾವರೆಗೆ. ಆ ಕ್ಷೇತ್ರದ ದಿಕ್ಕು ಕಾಂತದ ಉದ್ದಕ್ಕೂ ಸುರುಳಿಯಾಗಿ ಒಂದು ಪೂರ್ಣ ಸುತ್ತು ತಿರುಗುತ್ತದೆ. ಪ್ರೋಟಾನ್‌ಗಳು ಒಳಗೆ ಬಳುಕುತ್ತ ಸಾಗಿ, ಹೊರಬರುವಾಗ ತಮ್ಮ ಹಳೆಯ ದಾರಿಗೇ ಬಂದಿರುತ್ತವೆ. ಬದಲಾಗಿರುವುದು ಸ್ಪಿನ್ ಮಾತ್ರ. ಡಿಟೆಕ್ಟರ್‌ಗಳ ಎರಡೂ ಪಕ್ಕದಲ್ಲಿ ಇನ್ನೊಂದು ಬಗೆಯ ಕಾಂತಗಳಿದ್ದು, ಅವು ಲಂಬವಾಗಿರುವ ಸ್ಪಿನ್ನನ್ನು ಢಿಕ್ಕಿಗೆ ಮೊದಲು ಚಲನೆಯ ದಿಕ್ಕಿಗೆ ಮಲಗಿಸಿ, ಢಿಕ್ಕಿಯ ಸ್ಥಳ ದಾಟಿದ ಮೇಲೆ ಮತ್ತೆ ಎತ್ತಿ ನಿಲ್ಲಿಸುತ್ತವೆ. ಪ್ರೋಟಾನ್‌ಗಳು ಸೆಕೆಂಡಿಗೆ ಸುಮಾರು 78,000 ಸುತ್ತು ಹಾಕುತ್ತವೆ. ಒಮ್ಮೆ ತುಂಬಿದ ಕಣಗಳನ್ನು ಎಂಟು ಗಂಟೆ ಕಾಲ ಸುತ್ತಿಸಿದರೂ ಅದು 200 ಕೋಟಿಗೂ ಹೆಚ್ಚು ಸುತ್ತಾಯಿತು. ಅಷ್ಟರುದ್ದಕ್ಕೂ ಧ್ರುವೀಕರಣದ ಬಹುಪಾಲು ಉಳಿಯುತ್ತದೆ ಎಂಬುದನ್ನು ಓದಿದಾಗ ಉಂಟಾದ ಬೆರಗು ನನ್ನಲ್ಲಿ ಇಂದಿಗೂ ಕಡಿಮೆಯಾಗಿಲ್ಲ.

ಉಳಿದಿದೆ ಎಂದು ತಿಳಿಯುವುದು ಹೇಗೆ? ಅದಕ್ಕಾಗಿ ಎರಡು ಉಪಾಯಗಳನ್ನು ಒಟ್ಟಿಗೆ ಬಳಸಿದರು. ಮೊದಲನೆಯದು ಇಂಗಾಲದ ಒಂದು ಪಟ್ಟಿ. ಅದರ ಅಗಲ ಸುಮಾರು 10 ಮೈಕ್ರೊಮೀಟರ್, ದಪ್ಪ ಕೆಲವು ಹತ್ತು ನ್ಯಾನೊಮೀಟರ್‌ಗಳಷ್ಟು ಮಾತ್ರ. ಉದ್ದ ಎರಡೂವರೆ ಸೆಂಟಿಮೀಟರ್. ಈ ಪಟ್ಟಿಯನ್ನು ಸುತ್ತುತ್ತಿರುವ ಪ್ರೋಟಾನ್ ಪುಂಜದ ಅಡ್ಡಕ್ಕೆ ಒಂದಿಷ್ಟು ಹೊತ್ತು ಸರಿಸುತ್ತಾರೆ. ಪ್ರೋಟಾನ್ ಇಂಗಾಲದ ನ್ಯೂಕ್ಲಿಯಸ್ಸನ್ನು ಸವರಿಕೊಂಡು ಹೋದಾಗ ಇಂಗಾಲ ಹೆಚ್ಚುಕಡಿಮೆ ಲಂಬಕೋನದಲ್ಲಿ ಪಕ್ಕಕ್ಕೆ ಚಿಮ್ಮುತ್ತದೆ, ಸುತ್ತ ಇಟ್ಟಿರುವ ಸಿಲಿಕಾನ್ ಡಿಟೆಕ್ಟರ್‌ಗಳು ಅದನ್ನು ಹಿಡಿಯುತ್ತವೆ. ಪ್ರೋಟಾನ್‌ಗಳ ಸ್ಪಿನ್ ಮೇಲಕ್ಕಿದ್ದರೆ ಎಡಕ್ಕೂ ಬಲಕ್ಕೂ ಚಿಮ್ಮುವ ಇಂಗಾಲಗಳ ಸಂಖ್ಯೆಯಲ್ಲಿ ಒಂದು ಸಣ್ಣ ವ್ಯತ್ಯಾಸ ಕಾಣುತ್ತದೆ, ಸ್ಪಿನ್ ಕೆಳಕ್ಕಿದ್ದರೆ ಆ ವ್ಯತ್ಯಾಸ ಮಗುಚಿಕೊಳ್ಳುತ್ತದೆ. ಈ ಅಳತೆ ಬೇಗ ಮುಗಿಯುತ್ತದೆ, ಆದರೆ ಇಷ್ಟು ವ್ಯತ್ಯಾಸಕ್ಕೆ ಇಷ್ಟು ಧ್ರುವೀಕರಣ ಎಂಬ ಪರಿವರ್ತನೆಯ ಅಂಕಿ ಮೊದಲು ಗೊತ್ತಿರಬೇಕು. ಆ ಅಂಕಿಯನ್ನು ಒದಗಿಸುವುದು ಎರಡನೆಯ ಉಪಾಯ: ಧ್ರುವೀಕರಿಸಿದ ಹೈಡ್ರೋಜನ್ ಪರಮಾಣುಗಳ ಒಂದು ಅನಿಲಧಾರೆಯನ್ನು ಮೇಲಿನಿಂದ ಕೆಳಕ್ಕೆ ಹರಿಸಿ ಪ್ರೋಟಾನ್ ಪುಂಜ ಅದನ್ನು ಹಾಯುವಂತೆ ಮಾಡುವುದು. ಇಲ್ಲಿ ಹೊಡೆಯುವುದೂ ಪ್ರೋಟಾನ್, ಹೊಡೆತ ತಿನ್ನುವುದೂ ಪ್ರೋಟಾನ್. ಪರಿವರ್ತನೆಯ ಅಂಕಿ ಏನೇ ಇರಲಿ, ಎರಡಕ್ಕೂ ಅದು ಒಂದೇ. ಅನಿಲಧಾರೆಯ ಧ್ರುವೀಕರಣವನ್ನು ಬೇರೆ ವಿಧಾನದಿಂದ ಬಹಳ ನಿಖರವಾಗಿ ತಿಳಿಯಬಹುದು. ಧಾರೆಯ ಸ್ಪಿನ್ನನ್ನು ಮೇಲೆ ಕೆಳಗೆ ಮಾಡಿದಾಗ ಕಾಣುವ ವ್ಯತ್ಯಾಸ ಒಂದು, ಪುಂಜದ ಸ್ಪಿನ್ನನ್ನು ಮೇಲೆ ಕೆಳಗೆ ಮಾಡಿದಾಗ ಕಾಣುವ ವ್ಯತ್ಯಾಸ ಇನ್ನೊಂದು. ಇವೆರಡರ ಅನುಪಾತ ತೆಗೆದರೆ ಪರಿವರ್ತನೆಯ ಅಂಕಿ ತಾನಾಗಿಯೇ ಹೊಡೆದುಹೋಗಿ ಪುಂಜದ ಧ್ರುವೀಕರಣ ಕೈಗೆ ಬರುತ್ತದೆ. ಇದಕ್ಕಿಂತ ಚೊಕ್ಕವಾದ ಪ್ರಯೋಗ ವಿಧಾನವನ್ನು ನಾನು ಹೆಚ್ಚು ಕಂಡಿಲ್ಲ. ವಿದ್ಯಾರ್ಥಿಗಳಿಗೆ ಅನುಪಾತದ ಅಳತೆಗಳ ಮಹತ್ವ ಹೇಳುವಾಗ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ.

ಹೀಗೆ ಅಳೆದಾಗ ಸಿಗುತ್ತಿದ್ದ ಧ್ರುವೀಕರಣ ಶೇಕಡ 55ರ ಆಸುಪಾಸು. ಇದರ ಅರ್ಥ, ಸ್ಪಿನ್ ಮೇಲಕ್ಕಿರಬೇಕೆಂದು ಬಿಟ್ಟ ನೂರು ಪ್ರೋಟಾನ್‌ಗಳಲ್ಲಿ ಸರಾಸರಿ ಎಪ್ಪತ್ತೇಳೂವರೆ ಮೇಲಕ್ಕಿದ್ದು ಉಳಿದ ಇಪ್ಪತ್ತೆರಡೂವರೆ ಕೆಳಕ್ಕಿರುತ್ತವೆ. ಎರಡೂ ಪುಂಜಗಳ ಧ್ರುವೀಕರಣ ಗುಣಿಸಿಕೊಳ್ಳುವುದರಿಂದ ಕಾಣುವ ಪರಿಣಾಮ ನಿಜವಾದದ್ದರ ಸುಮಾರು ಶೇಕಡ 30ಕ್ಕೆ ಇಳಿಯುತ್ತದೆ. ನಿಜವಾದ ಪರಿಣಾಮವೇ ಶೇಕಡ ಒಂದರ ಮಟ್ಟದ್ದು, ಹಲವು ಕಡೆ ಅದಕ್ಕಿಂತಲೂ ಕಡಿಮೆ. ಅಂದರೆ ಸಾವಿರ ಢಿಕ್ಕಿಗಳಲ್ಲಿ ಮೂರು ಹೆಚ್ಚೋ ಕಡಿಮೆಯೋ ಎಂಬಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿಯಬೇಕು. ಸ್ಪಿನ್‌ಗಳು ಒಂದೇ ಬಗೆಯಲ್ಲಿದ್ದಾಗಿನ ಎಣಿಕೆ ಒಂದು ದಿನ, ವಿರುದ್ಧವಾಗಿದ್ದಾಗಿನ ಎಣಿಕೆ ಇನ್ನೊಂದು ದಿನ ಎಂದು ಮಾಡಿದರೆ, ಡಿಟೆಕ್ಟರ್ ಬಿಸಿಯಾದದ್ದು, ಪುಂಜ ತೆಳುವಾದದ್ದು ಇವೆಲ್ಲವೂ ಆ ಮೂರನ್ನು ನುಂಗಿಹಾಕುತ್ತವೆ. ಆದ್ದರಿಂದ ಪ್ರೋಟಾನ್‌ಗಳನ್ನು 120ರಷ್ಟು ಗೊಂಚಲುಗಳಾಗಿ ಸುತ್ತಿಸಿ, ಗೊಂಚಲಿನಿಂದ ಗೊಂಚಲಿಗೆ ಸ್ಪಿನ್ ದಿಕ್ಕನ್ನು ಒಂದು ಕ್ರಮದಲ್ಲಿ ಬದಲಿಸುತ್ತ ಹೋದರು. ಗೊಂಚಲುಗಳು ಪರಸ್ಪರ ಹಾಯುವುದು 106 ನ್ಯಾನೊಸೆಕೆಂಡಿಗೊಮ್ಮೆ. ಹೀಗಾಗಿ ನಾಲ್ಕು ಬಗೆಯ ಸ್ಪಿನ್ ಜೋಡಣೆಗಳೂ ಮೈಕ್ರೊಸೆಕೆಂಡಿನೊಳಗೆ ಬಂದು ಹೋಗುತ್ತವೆ, ಡಿಟೆಕ್ಟರ್‌ನ ಕುಂದುಕೊರತೆ ಏನಿದ್ದರೂ ನಾಲ್ಕಕ್ಕೂ ಸಮನಾಗಿ ತಟ್ಟುತ್ತದೆ. ಯಾವ ಜೋಡಣೆಯ ಗೊಂಚಲುಗಳಲ್ಲಿ ಎಷ್ಟು ಪ್ರೋಟಾನ್ ಹಾದುಹೋದವು ಎಂಬ ಲೆಕ್ಕವನ್ನು ಮಾತ್ರ ಸಾವಿರದಲ್ಲಿ ಒಂದು ಪಾಲಿಗಿಂತ ಉತ್ತಮವಾಗಿ ಪ್ರತ್ಯೇಕವಾಗಿ ಇಡಬೇಕಾಗುತ್ತದೆ. ಆಮೇಲೆ ಉಳಿಯುವುದು ಎಣಿಕೆ, ಕಳೆಯುವುದು, ಭಾಗಿಸುವುದು.

ಸ್ಟಾರ್ ಮತ್ತು ಫೀನಿಕ್ಸ್ ಎಂಬ ಎರಡು ಡಿಟೆಕ್ಟರ್‌ಗಳು ಈ ಎಣಿಕೆ ನಡೆಸಿದವು. ಸ್ಟಾರ್ ಮುಖ್ಯವಾಗಿ ಜೆಟ್‌ಗಳನ್ನು, ಎಂದರೆ ಢಿಕ್ಕಿಯಲ್ಲಿ ಚಿಮ್ಮಿದ ಕ್ವಾರ್ಕ್ ಅಥವಾ ಗ್ಲುವಾನ್ ಒಡೆದು ಒಂದೇ ದಿಕ್ಕಿಗೆ ಧುಮ್ಮಿಕ್ಕುವ ಕಣಗಳ ಗುಂಪನ್ನು ಎಣಿಸಿತು. ಫೀನಿಕ್ಸ್ ತಟಸ್ಥ ಪಯಾನ್‌ಗಳನ್ನು ಎಣಿಸಿತು. ಮೊದಲ ಕೆಲವು ವರ್ಷಗಳ ದತ್ತಾಂಶದಲ್ಲಿ ಎರಡು ಜೋಡಣೆಗಳ ವ್ಯತ್ಯಾಸ ಸೊನ್ನೆಯಿಂದ ಬೇರೆಯಾಗಿ ಕಾಣಲಿಲ್ಲ. ಅದು ನಿರಾಶೆಯ ಸುದ್ದಿ ಎಂದು ಆಗ ಕೆಲವರಿಗೆ ಅನ್ನಿಸಿರಬಹುದು. ನನ್ನ ದೃಷ್ಟಿಯಲ್ಲಿ ಆ ಸೊನ್ನೆಯೇ ಒಂದು ದೊಡ್ಡ ತೀರ್ಪು, ಏಕೆಂದರೆ ಗ್ಲುವಾನ್‌ಗಳ ಸ್ಪಿನ್ ಬೆಟ್ಟದಷ್ಟಿದ್ದು ಕ್ವಾರ್ಕ್‌ಗಳ ಪಾಲನ್ನು ಮುಚ್ಚಿಹಾಕುತ್ತಿದೆ ಎಂಬ ವಾದ ಕಂಪಾಸ್‌ನ ಅಳತೆಗಳಿಂದಲೂ ರಿಕ್‌ನ ಈ ಅಳತೆಗಳಿಂದಲೂ ಬಿದ್ದುಹೋಯಿತು. 2009ರಲ್ಲಿ 200 ಜಿಇವಿ ಢಿಕ್ಕಿಶಕ್ತಿಯಲ್ಲಿ ಕಲೆಹಾಕಿದ ದೊಡ್ಡ ದತ್ತಾಂಶದಲ್ಲಿ ಕೊನೆಗೂ ಜೆಟ್‌ಗಳ ಸಂಖ್ಯೆ ಒಂದೇ ಬಗೆಯ ಜೋಡಣೆಯಲ್ಲಿ ತುಸು ಹೆಚ್ಚು ಎಂಬುದು ಸ್ಪಷ್ಟವಾಯಿತು. ಡೇನಿಯಲ್ ದೆ ಫ್ಲೋರಿಯಾನ್, ರೊಡಾಲ್ಫೊ ಸಾಸೊಟ್, ಮಾರ್ಕೊ ಸ್ಟ್ರಾಟ್‌ಮನ್, ವರ್ನರ್ ಫೊಗೆಲ್‌ಸಾಂಗ್ ಎಂಬ ನಾಲ್ವರು ಸಿದ್ಧಾಂತಿಗಳು ಜಗತ್ತಿನ ಎಲ್ಲ ಸ್ಪಿನ್ ದತ್ತಾಂಶಗಳೊಂದಿಗೆ ಇದನ್ನೂ ಸೇರಿಸಿ ವಿಶ್ಲೇಷಿಸಿ, 2014ರಲ್ಲಿ ಗ್ಲುವಾನ್‌ಗಳು ಧ್ರುವೀಕರಣಗೊಂಡಿವೆ ಎಂಬುದಕ್ಕೆ ಪುರಾವೆ ದೊರೆತಿದೆ ಎಂದು ಪ್ರಕಟಿಸಿದರು. ಪ್ರೋಟಾನ್‌ನ ಸಂವೇಗದಲ್ಲಿ ಶೇಕಡ 5ಕ್ಕಿಂತ ಹೆಚ್ಚು ಹೊತ್ತಿರುವ ಗ್ಲುವಾನ್‌ಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಅವುಗಳ ಸ್ಪಿನ್ ಕೊಡುಗೆ ಸುಮಾರು 0.2. ಒಟ್ಟು 0.5 ಆದ್ದರಿಂದ ಇದು ಶೇಕಡ 40ರಷ್ಟು, ಅನಿಶ್ಚಿತತೆ ಅದರ ಮೂರನೇ ಒಂದು ಭಾಗದಷ್ಟು.

ಈ ಅಂಕಿಯನ್ನು ಕ್ವಾರ್ಕ್‌ಗಳ ಶೇಕಡ 30ಕ್ಕೆ ಕೂಡಿಸಿ 70 ಎಂದುಬಿಡಲು ಮನಸ್ಸು ತವಕಿಸುತ್ತದೆ, ಆದರೆ ಹಾಗೆ ಮಾಡಬಾರದು. ಸಂವೇಗದಲ್ಲಿ ಶೇಕಡ 5ಕ್ಕಿಂತ ಕಡಿಮೆ ಪಾಲು ಹೊತ್ತ ಗ್ಲುವಾನ್‌ಗಳೇ ಸಂಖ್ಯೆಯಲ್ಲಿ ಬಹಳ ಹೆಚ್ಚು. ಅವುಗಳ ಸ್ಪಿನ್ ಯಾವ ಕಡೆಗೆ ವಾಲಿದೆ ಎಂಬುದು ಈ ಅಳತೆಯ ಕೈಗೆ ಸಿಗುವುದಿಲ್ಲ. 510 ಜಿಇವಿ ಢಿಕ್ಕಿಗಳು ಈ ಗಡಿಯನ್ನು ಒಂದಿಷ್ಟು ಕೆಳಕ್ಕೆ ತಂದಿವೆ, ಪೂರ್ತಿಯಾಗಿ ಅಳಿಸಿಲ್ಲ. ಇನ್ನೊಂದು ತೊಡಕೂ ಇದೆ. ಎರಡು ಗ್ಲುವಾನ್‌ಗಳು ಗುದ್ದಿಕೊಂಡು ಹುಟ್ಟುವ ಜೆಟ್‌ಗಳಲ್ಲಿ ಗ್ಲುವಾನ್ ಧ್ರುವೀಕರಣದ ವರ್ಗ (ಅದನ್ನು ಅದರಿಂದಲೇ ಗುಣಿಸಿದ ಬೆಲೆ) ಬರುವುದರಿಂದ, ಆ ಧ್ರುವೀಕರಣ ಧನವೋ ಋಣವೋ ಎಂಬುದು ಅಲ್ಲಿ ತಿಳಿಯದೆ ಹೋಗುತ್ತದೆ. 2022ರಲ್ಲಿ ಜೆಫರ್ಸನ್ ಪ್ರಯೋಗಾಲಯದೊಂದಿಗೆ ಸೇರಿದ ಸಿದ್ಧಾಂತಿಗಳ ಗುಂಪೊಂದು ಇದನ್ನೇ ಎತ್ತಿಹಿಡಿದು, ಕೆಲವು ಊಹೆಗಳನ್ನು ಸಡಿಲಿಸಿದರೆ ಋಣ ಬೆಲೆಯೂ ದತ್ತಾಂಶಕ್ಕೆ ಹೊಂದುತ್ತದೆ ಎಂದು ತೋರಿಸಿತು. ಒಪ್ಪಿಕೊಂಡದ್ದನ್ನು ಮತ್ತೆ ತಿರುವಿ ನೋಡುವ ಇಂಥ ಕೆಲಸ ಆಗಲೇಬೇಕಿತ್ತು. ಇದಕ್ಕೆ ಉತ್ತರ ಕೊಡಬಲ್ಲ ಪ್ರಕ್ರಿಯೆಯೂ ರಿಕ್‌ನಲ್ಲಿ ಇತ್ತು. ಒಂದು ಪ್ರೋಟಾನ್‌ನ ಗ್ಲುವಾನ್ ಇನ್ನೊಂದರ ಕ್ವಾರ್ಕ್‌ಗೆ ತಾಗಿ ಫೋಟಾನ್ ಒಂದು ನೇರವಾಗಿ ಹೊರಚಿಮ್ಮಿದಾಗ, ಲೆಕ್ಕದಲ್ಲಿ ಗ್ಲುವಾನ್ ಧ್ರುವೀಕರಣ ಒಂದೇ ಬಾರಿ ಬರುತ್ತದೆ. ಹಾಗಾಗಿ ಚಿಹ್ನೆ ತಪ್ಪಿಸಿಕೊಳ್ಳಲಾರದು. ಇಂಥ ಫೋಟಾನ್‌ಗಳು ಅಪರೂಪ, ಪಯಾನ್‌ಗಳಿಂದ ಹುಟ್ಟುವ ಫೋಟಾನ್‌ಗಳ ರಾಶಿಯಿಂದ ಅವನ್ನು ಬೇರ್ಪಡಿಸುವುದು ಕಷ್ಟ. ಫೀನಿಕ್ಸ್ ತಂಡ 510 ಜಿಇವಿ ದತ್ತಾಂಶದಿಂದ ಅವನ್ನು ಹೆಕ್ಕಿ 2023ರಲ್ಲಿ ಪ್ರಕಟಿಸಿದ ಫಲಿತಾಂಶ ಧನ ಬೆಲೆಯ ಕಡೆಗೆ ವಾಲಿದೆ. ಫೀನಿಕ್ಸ್ 2016ರಲ್ಲಿಯೇ ದತ್ತಾಂಶ ಸಂಗ್ರಹ ನಿಲ್ಲಿಸಿತ್ತು ಎಂಬುದನ್ನು ಗಮನಿಸಬೇಕು. ಯಂತ್ರ ನಿಂತ ಏಳು ವರ್ಷಗಳ ಮೇಲೂ ಅದರ ದತ್ತಾಂಶ ಹೊಸದನ್ನು ಹೇಳುತ್ತಿತ್ತು.

ಪ್ರತಿಕ್ವಾರ್ಕ್‌ಗಳ ಕಥೆ ಇನ್ನೂ ಸೊಗಸಾಗಿದೆ. ಅಪ್ ಕ್ವಾರ್ಕ್ ಒಂದು ಡೌನ್ ಪ್ರತಿಕ್ವಾರ್ಕ್ ಜೊತೆ ಸೇರಿದರೆ ದುರ್ಬಲ ಬಲವನ್ನು ಒಯ್ಯುವ ಡಬ್ಲ್ಯು ಪ್ಲಸ್ ಬೋಸಾನ್ ಹುಟ್ಟಬಹುದು. ಡೌನ್ ಕ್ವಾರ್ಕ್ ಅಪ್ ಪ್ರತಿಕ್ವಾರ್ಕ್ ಜೊತೆ ಸೇರಿದರೆ ಡಬ್ಲ್ಯು ಮೈನಸ್. ಡಬ್ಲ್ಯು ಬೋಸಾನ್ ಎಡಗೈ ಸ್ವಭಾವದ (ಸ್ಪಿನ್ ಚಲನೆಗೆ ವಿರುದ್ಧವಾಗಿರುವ) ಕ್ವಾರ್ಕ್‌ಗಳನ್ನೂ ಬಲಗೈ ಸ್ವಭಾವದ (ಸ್ಪಿನ್ ಚಲನೆಯ ದಿಕ್ಕಿಗೇ ಇರುವ) ಪ್ರತಿಕ್ವಾರ್ಕ್‌ಗಳನ್ನೂ ಮಾತ್ರ ಸ್ವೀಕರಿಸುವುದರಿಂದ, ಸ್ಪಿನ್ ಆಯ್ಕೆಯನ್ನು ಪ್ರಕೃತಿಯೇ ಮಾಡಿಕೊಟ್ಟಂತಾಗುತ್ತದೆ. ಒಂದು ಪುಂಜದ ಸ್ಪಿನ್ನನ್ನು ಮಾತ್ರ ಬದಲಿಸಿ ಎಣಿಸಿದರೂ ಸಾಕು. ಸುಮಾರು 80 ಜಿಇವಿ ರಾಶಿಯ ಈ ಬೋಸಾನ್ ಒಡೆದಾಗ ಬರುವ ಎಲೆಕ್ಟ್ರಾನ್ ಅಥವಾ ಪಾಸಿಟ್ರಾನ್ ಪುಂಜಕ್ಕೆ ಅಡ್ಡವಾಗಿ 40 ಜಿಇವಿಯಷ್ಟು ಸಂವೇಗ ಹೊತ್ತು ಹಾರುತ್ತದೆ. ಅದರ ಎದುರು ಬದಿಯಲ್ಲಿ ಏನೂ ಕಾಣುವುದಿಲ್ಲ, ಏಕೆಂದರೆ ಜೊತೆಗೆ ಹುಟ್ಟಿದ ನ್ಯೂಟ್ರಿನೊ ಯಾರಿಗೂ ಸಿಗದೆ ಹೋಗಿರುತ್ತದೆ. ಹಾಗೆ ಒಂಟಿಯಾಗಿ ಎದ್ದುಕಾಣುವ ಕಣಗಳನ್ನು ಎಣಿಸಿದ ಸ್ಟಾರ್ ತಂಡ 2019ರಲ್ಲಿ ಕೊಟ್ಟ ಉತ್ತರ ಇದು: ಪ್ರೋಟಾನ್‌ನೊಳಗಿನ ಅಪ್ ಪ್ರತಿಕ್ವಾರ್ಕ್‌ಗಳ ಸ್ಪಿನ್ ಕೊಡುಗೆ ಧನ, ಡೌನ್ ಪ್ರತಿಕ್ವಾರ್ಕ್‌ಗಳದ್ದು ಋಣ. ಸಂಖ್ಯೆಯಲ್ಲಿ ನೋಡಿದರೆ ಡೌನ್ ಪ್ರತಿಕ್ವಾರ್ಕ್‌ಗಳೇ ಹೆಚ್ಚು ಎಂಬುದು ಫರ್ಮಿಲ್ಯಾಬ್‌ನ ಪ್ರಯೋಗಗಳಿಂದ ಮೊದಲೇ ಗೊತ್ತಿತ್ತು. ಸಂಖ್ಯೆಯಲ್ಲಿ ಮುಂದಿರುವವು ಸ್ಪಿನ್ನಿನಲ್ಲಿ ಹಿಂದಿವೆ. ಗ್ಲುವಾನ್‌ಗಳು ಸುಮ್ಮನೆ ಒಡೆದು ಜೋಡಿಗಳನ್ನು ಹುಟ್ಟಿಸುತ್ತವೆ ಎಂಬ ಸರಳ ಚಿತ್ರದಲ್ಲಿ ಎರಡು ಬಗೆಯ ಪ್ರತಿಕ್ವಾರ್ಕ್‌ಗಳೂ ಹೆಚ್ಚುಕಡಿಮೆ ಸಮನಾಗಿರಬೇಕಿತ್ತು. ಈ ಫಲಿತಾಂಶದ ಮುಂದೆ ಆ ಚಿತ್ರ ನಿಲ್ಲುವುದಿಲ್ಲ.

ಇನ್ನು ಉಳಿದಿರುವುದು ಕಕ್ಷಾ ಚಲನೆ. ಇದನ್ನು ಅಳೆಯುವ ದಾರಿಯನ್ನು 1997ರಲ್ಲಿ ಷಿಯಾಂಗ್‌ಡಾಂಗ್ ಜಿ ತೋರಿಸಿದರು. ಎಲೆಕ್ಟ್ರಾನ್ ಪ್ರೋಟಾನನ್ನು ಜೋರಾಗಿ ತಾಗಿಯೂ ಪ್ರೋಟಾನ್ ಒಡೆಯದೆ, ಒಂದು ಫೋಟಾನನ್ನು ಮಾತ್ರ ಹೊರಸೂಸಿ ಹಾಗೆಯೇ ಉಳಿಯುವ ಅಪರೂಪದ ಘಟನೆಗಳಿಂದ ಕ್ವಾರ್ಕ್‌ಗಳ ಒಟ್ಟು ಕೋನೀಯ ಸಂವೇಗದ ಸುಳಿವು ಪಡೆಯಬಹುದು ಎಂಬುದು ಅವರ ವಾದ. 2001ರಲ್ಲಿ ಹರ್ಮೀಸ್ ಮತ್ತು ಜೆಫರ್ಸನ್ ಪ್ರಯೋಗಾಲಯದ ತಂಡಗಳು ಇಂಥ ಘಟನೆಗಳ ಸ್ಪಿನ್ ವ್ಯತ್ಯಾಸವನ್ನು ಮೊದಲು ಕಂಡವು. ಆ ಕೆಲಸ ಈಗಲೂ ನಡೆಯುತ್ತಿದೆ. ಕಂಪ್ಯೂಟರಿನಲ್ಲಿ ಪ್ರಬಲ ಬಲದ ಸಮೀಕರಣಗಳನ್ನು ಜಾಲರಿಯ ಮೇಲೆ ಬಿಡಿಸುವವರು 2017ರಲ್ಲಿ ಗ್ಲುವಾನ್ ಸ್ಪಿನ್ ಪಾಲು ಸುಮಾರು 0.25 ಎಂದು ಲೆಕ್ಕ ಹಾಕಿದ್ದಾರೆ. ಅದು ರಿಕ್‌ನ ಅಳತೆಯೊಂದಿಗೆ ಜಗಳವಾಡುವುದಿಲ್ಲ ಎಂಬುದು ಸಮಾಧಾನದ ಸಂಗತಿ.

ರಿಕ್‌ನಲ್ಲಿ ಧ್ರುವೀಕರಿಸಿದ ಪ್ರೋಟಾನ್‌ಗಳ ಕೊನೆಯ ಸರದಿ 2024ರಲ್ಲಿ ನಡೆಯಿತು. ಅದೇ ಸುರಂಗದಲ್ಲಿ ಈಗ ಎಲೆಕ್ಟ್ರಾನ್–ಅಯಾನ್ ಕೊಲೈಡರ್ ಬರಬೇಕಾಗಿದೆ. 2020ರ ಜನವರಿಯಲ್ಲಿ ಅಮೆರಿಕದ ಇಂಧನ ಇಲಾಖೆ ಅದಕ್ಕೆ ಬ್ರೂಕ್‌ಹೇವನ್ ಅನ್ನು ಆಯ್ಕೆ ಮಾಡಿತು, ಜೆಫರ್ಸನ್ ಪ್ರಯೋಗಾಲಯ ಅದರ ಪಾಲುದಾರ. ಭಾರತದ ಹಲವು ವಿಶ್ವವಿದ್ಯಾಲಯಗಳೂ ಸಂಶೋಧನಾ ಸಂಸ್ಥೆಗಳೂ ಈ ಯೋಜನೆಯಲ್ಲಿ ತೊಡಗಿಕೊಂಡಿವೆ. ಅಲ್ಲಿ 275 ಜಿಇವಿವರೆಗಿನ ಧ್ರುವೀಕರಿಸಿದ ಪ್ರೋಟಾನ್‌ಗಳನ್ನು 18 ಜಿಇವಿವರೆಗಿನ ಧ್ರುವೀಕರಿಸಿದ ಎಲೆಕ್ಟ್ರಾನ್‌ಗಳು ಎದುರಿಸುತ್ತವೆ. ಎಲೆಕ್ಟ್ರಾನ್ ಗ್ಲುವಾನನ್ನು ನೇರವಾಗಿ ನೋಡುವುದಿಲ್ಲ ಎಂದು ಮೇಲೆ ಹೇಳಿದ್ದೆ. ಆದರೆ ಪ್ರೋಟಾನನ್ನು ಹೆಚ್ಚು ಹೆಚ್ಚು ಸೂಕ್ಷ್ಮವಾಗಿ ನೋಡುತ್ತ ಹೋದಂತೆ ಕ್ವಾರ್ಕ್‌ಗಳ ಸ್ಪಿನ್ ಚಿತ್ರ ಬದಲಾಗುವ ವೇಗದಲ್ಲಿ ಗ್ಲುವಾನ್‌ಗಳ ಸ್ಪಿನ್ ತನ್ನ ಗುರುತು ಬಿಡುತ್ತದೆ. ಅದನ್ನು ಓದಬೇಕಾದರೆ ವಿಶಾಲವಾದ ಶಕ್ತಿಯ ಹರವು ಬೇಕು, ಹಳೆಯ ಸ್ಥಿರಗುರಿ ಪ್ರಯೋಗಗಳಿಗೆ ಇಲ್ಲದಿದ್ದದ್ದು ಅದೇ. ಹೊಸ ಯಂತ್ರದಲ್ಲಿ ಪ್ರೋಟಾನ್‌ನ ಸಂವೇಗದ ಹತ್ತು ಸಾವಿರದಲ್ಲಿ ಒಂದು ಪಾಲು ಹೊತ್ತ ಗ್ಲುವಾನ್‌ಗಳವರೆಗೂ ಇಳಿಯಬಹುದು. ಅಲ್ಲಿ ಗ್ಲುವಾನ್‌ಗಳ ಸ್ಪಿನ್ ಧನವಾಗಿಯೇ ಮುಂದುವರಿದಿದ್ದರೆ ಕಕ್ಷಾ ಚಲನೆಗೆ ಉಳಿಯುವ ಪಾಲು ಬಹಳ ಕಡಿಮೆಯಾಗುತ್ತದೆ. ಋಣಕ್ಕೆ ತಿರುಗಿದ್ದರೆ ಪ್ರೋಟಾನ್‌ನ ಸ್ಪಿನ್ನಿನ ದೊಡ್ಡ ಭಾಗ ಕ್ವಾರ್ಕ್ ಮತ್ತು ಗ್ಲುವಾನ್‌ಗಳ ಸುತ್ತಾಟದಿಂದಲೇ ಬರುತ್ತಿದೆ ಎಂದಾಗುತ್ತದೆ. ನಾನಾಗಿ ಊಹಿಸಬೇಕಾದರೆ ಕಕ್ಷಾ ಚಲನೆಯ ಪಾಲು ಸಣ್ಣದಾಗಿರಲಾರದು ಎನ್ನುತ್ತೇನೆ. ಇಷ್ಟು ಪುಟ್ಟ ಜಾಗದಲ್ಲಿ ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ಓಡುವ ಕ್ವಾರ್ಕ್‌ಗಳಿಗೆ ಕಕ್ಷಾ ಚಲನೆ ಇಲ್ಲದಿರುವುದು ಡಿರಾಕ್ ಸಮೀಕರಣಕ್ಕೇ ಒಗ್ಗದ ಮಾತು.